ಒಂದು ಇದ್ದ ಕಡೆ ಬಿಡು

ಮಾರ್ಚ್ ೩, ಮಂಗಳವಾರ

ರಾತ್ರಿ ಎರಡು ಗಂಟೆ ಹದಿನೇಳು ನಿಮಿಷ. ಅಡುಗೆಮನೆಯ ಫ್ರಿಜ್ಜು ವಯಸ್ಸಾದವರ ಹಾಗೆ ಗಂಟಲು ಸರಿಮಾಡಿಕೊಂಡು ಠಕ್ಕೆಂದು ನಿಂತಿತು. ಅಷ್ಟಕ್ಕೇ ಎಚ್ಚರವಾಯಿತು. ಮಗು ಅಳಲಿಲ್ಲ. ಅಳಲಿಲ್ಲವಲ್ಲ ಎಂಬುದೇ ದಿಗಿಲಾಗಿ, ತೊಟ್ಟಿಲ ಪಕ್ಕ ನೆಲದ ಮೇಲೆ ಕೂತು ಒಂದು ನಿಮಿಷ ಉಸಿರು ಎಣಿಸಿದೆ. ಮೂವತ್ತಾರು. ಇನ್ನೊಂದು ಸಲ ಎಣಿಸಿದರೆ ಮೂವತ್ತೆಂಟು. ಎರಡು ಯಾಕೆ ಹೆಚ್ಚಾಯಿತು ಎಂದು ಮೂರನೆಯ ಸಲ ಎಣಿಸುವಾಗ ಇವರು ಮಗ್ಗುಲು ಬದಲಿಸಿ, "ಇನ್ನೂ ಇದೆಯಾ?" ಎಂದರು.

"ಏನು?"

"ಉಸಿರು."

ಇವರಿಗೆ ನಿದ್ದೆಯಲ್ಲೂ ತಮಾಷೆ.

ಮಗುವಿಗೆ ನಿನ್ನೆಗೆ ಆರು ತಿಂಗಳು ತುಂಬಿತು. ಈ ಆರು ತಿಂಗಳಲ್ಲಿ ನಾನು ಒಂದೇ ಪಟ್ಟಿಗೆ ಎರಡು ಗಂಟೆಗಿಂತ ಹೆಚ್ಚು ಮಲಗಿಲ್ಲ. ಕ್ಲಿನಿಕ್ಕಿನ ನರ್ಸಮ್ಮನಿಗೆ ಹೇಳಿದರೆ ಅವರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, "ತಲೇಲಿ ಸುತ್ತೋದನ್ನೆಲ್ಲ ಒಂದು ಪುಸ್ತಕಕ್ಕೆ ಹಾಕಮ್ಮ. ಸುತ್ತೋದಾದ್ರೆ ಅಲ್ಲಿ ಸುತ್ಲಿ" ಎಂದರು. ಅದಕ್ಕೇ ಈ ಪುಸ್ತಕ. ಇದನ್ನು ಬೇರೆ ಯಾರೂ ಓದಬೇಕಾಗಿಲ್ಲ.

ಸುತ್ತುವುದು ಎರಡೇ ವಿಷಯ. ಒಂದು ತೊಟ್ಟಿಲಲ್ಲಿದೆ. ಇನ್ನೊಂದು ಭೂಮಿಯಿಂದ ನಾಲ್ಕು ಕೋಟಿ ಕಿಲೋಮೀಟರ್ ಆಚೆ ಓಡುತ್ತಿರುವ ನೌಕೆಯೊಳಗಿನ, ಬೂಟಿನ ಡಬ್ಬದಷ್ಟು ದೊಡ್ಡ ಕಂಪ್ಯೂಟರು. ಅದರ ಕೆಲಸ ಮಾಡುವವರು ನಾವು ಹನ್ನೊಂದು ಜನ. ಅದರ ಎಲೆಕ್ಟ್ರಾನಿಕ್ ಚಿಪ್ಪಿನೊಳಗಿನ ಜೋಡಣೆಯ ನಕ್ಷೆ ಬದಲಾಯಿಸುವ ಭಾಗ ಪೂರ್ತಿ ನನ್ನದು. ಹದಿನಾಲ್ಕು ತಿಂಗಳಿಂದ ಅದು ಅಂಚೆಯವನ ಕೆಲಸ ಮಾಡಿದೆ: ಸುದ್ದಿ ತೆಗೆದುಕೊಳ್ಳುವುದು, ಸುದ್ದಿ ಕಳಿಸುವುದು. ಇಪ್ಪತ್ತೇಳರ ಬೆಳಿಗ್ಗೆ ಆರೂ ಹತ್ತಕ್ಕೆ ಅದೇ ಚಿಪ್ಪು ತನ್ನ ನಕ್ಷೆಯನ್ನು ತಾನೇ ಅಳಿಸಿಕೊಂಡು, ಹೊಸ ನಕ್ಷೆ ಹಾಕಿಕೊಂಡು, ಕಣ್ಣಾಗಬೇಕು. ಆ ಕಣ್ಣಿನಿಂದ ನೋಡಿಕೊಂಡು ನೌಕೆ ಸೂರ್ಯನನ್ನು ಸುತ್ತುವ ಒಂದು ಬಂಡೆಯ ಪಕ್ಕ, ಒಂಬತ್ತು ಕಿಲೋಮೀಟರ್ ಅಂತರದಲ್ಲಿ, ತಾನೇ ದಾರಿ ಮಾಡಿಕೊಂಡು ಹಾದುಹೋಗಬೇಕು. ಇಲ್ಲಿಂದ ನಾವು ಎಡಕ್ಕೆ ಹೋಗು ಎಂದರೆ ಆ ಮಾತು ಅಲ್ಲಿಗೆ ಮುಟ್ಟಲು ಎರಡು ನಿಮಿಷ ಹದಿಮೂರು ಸೆಕೆಂಡು ಬೇಕು. ಅಷ್ಟರಲ್ಲಿ ನೌಕೆ ಬಂಡೆಗೆ ಹಣೆ ಹಚ್ಚಿರುತ್ತದೆ.

ಹೊಸ ನಕ್ಷೆ ಅರ್ಧ ಆಗಿದ್ದಾಗ ನಾನು ಹೆರಿಗೆ ರಜೆಗೆ ಬಂದೆ. ಏಪ್ರಿಲ್ ಒಂದಕ್ಕೆ ವಾಪಸು ಹೋಗಬೇಕು. ಹೋಗಿ ಏನು ಮಾಡುವುದು? ಸ್ನಾನಕ್ಕೆ ಹೋದರೆ ಬಾಗಿಲು ತೆರೆದಿಟ್ಟು ಸ್ನಾನ ಮಾಡುವ ಸ್ಥಿತಿ ನನ್ನದು. ತಲೆ ಹತ್ತಿಯಾಗಿದೆ. ರಾಜೀನಾಮೆಯ ಪತ್ರ ಮನಸ್ಸಿನಲ್ಲೇ ಎರಡು ಸಲ ಬರೆದೆ. ಎರಡನೆಯದು ಚೆನ್ನಾಗಿ ಬಂತು.

ಮಾರ್ಚ್ ೫, ಗುರುವಾರ

ಅತ್ತೆ ಮೂವತ್ತೆರಡು ವರ್ಷ ಶಾಲೆಯ ಸಮವಸ್ತ್ರ ಹೊಲಿದವರು. ಈಗ ಕೆಲಸ ನಿಲ್ಲಿಸಿದ್ದಾರೆ. ಆದರೆ ಬೆರಳು ನಿಂತಿಲ್ಲ. ಮಗುವಿನ ಹತ್ತು ಅಂಗಿಗಳನ್ನು ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಇಟ್ಟಿದ್ದಾರೆ. ಇವತ್ತು ಬೆಳಿಗ್ಗೆ ದಾರ ಕಚ್ಚುತ್ತ ಕೇಳಿದರು.

"ಅಲ್ಲ ಕಣೆ, ಒಂದ್ಸಲ ಮಾಡಿ ಮೇಲಕ್ಕೆ ಕಳ್ಸಿದ್ಮೇಲೆ ಮುಗೀತಲ್ಲ. ಈಗೇನು ಮತ್ತೆ ಬದಲಾಯ್ಸೋದು?"

ಸಾಮಾನ್ಯ ಚಿಪ್ಪು ಒಂದು ಸಲ ಅಚ್ಚಾದರೆ ಸಾಯುವವರೆಗೆ ಅದೇ ಕೆಲಸ, ನಮ್ಮದು ಹಾಗಲ್ಲ, ಒಳಗಿನ ಜೋಡಣೆ ಬಿಚ್ಚಿ ಬೇರೆ ಜೋಡಿಸಬಹುದು ಎಂದೆ.

"ಅಂದ್ರೆ ಹೊಲಿಗೆ ಬಿಚ್ಚಿ ಅದೇ ಬಟ್ಟೇಲಿ ಇನ್ನೊಂದು ಹೊಲಿಯೋದು."

"ಹೂಂ ಅತ್ತೆ."

"ಹಾಕ್ಕೊಂಡಿರೋನ ಮೈಮೇಲೇನಾ?"

"ಹಾಕ್ಕೊಂಡು ಓಡ್ತಿರೋನ ಮೈಮೇಲೇ."

ಅತ್ತೆ ಸೂಜಿ ಕೆಳಗಿಟ್ಟರು. "ಇದನ್ನ ಕಲಿಯೋಕೆ ಕಾಲೇಜಲ್ಲಿ ನಿಂಗೆ ಎಷ್ಟು ವರ್ಷ ಬೇಕಾಯ್ತು?"

"ಆರು."

"ಪರವಾಗಿಲ್ಲ, ಬೇಗ ಕಲ್ತೆ."

ಇಷ್ಟು ವರ್ಷ ನಾನು ವೇದಿಕೆ ಹತ್ತಿ, ಚಿತ್ರ ತೋರಿಸಿ, ಬೆವರು ಸುರಿಸಿ ವಿವರಿಸಿದ್ದನ್ನು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು.

ಆಮೇಲೆ ತಿದ್ದಮ್ಮನ ಕತೆಯನ್ನೂ ಹೇಳಿದೆ. ಅಲ್ಲಿ ಕಣ್ಣಿಗೆ ಕಾಣದ ಕಣಗಳು ಸದಾ ಬಂದು ಬಡಿಯುತ್ತವೆ. ನಕ್ಷೆಯಲ್ಲಿ ಎಲ್ಲೋ ಒಂದು ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ. ಅದಕ್ಕೆಂದೇ ಒಂದು ಪುಟ್ಟ ಕಾವಲು ಇಟ್ಟಿದ್ದೇವೆ. ನಾಲ್ಕು ಸೆಕೆಂಡಿಗೊಮ್ಮೆ ಅದು ಇಡೀ ನಕ್ಷೆಯನ್ನು ಮೂಲ ಪ್ರತಿಯ ಜೊತೆ ಹೋಲಿಸಿ ತಪ್ಪಿದ್ದ ಕಡೆ ತಿದ್ದುತ್ತದೆ. ಕಚೇರಿಯಲ್ಲಿ ಎಲ್ಲರೂ ಅದನ್ನು ತಿದ್ದಮ್ಮ ಎಂದೇ ಕರೆಯುವುದು. ಹೆಸರಿಟ್ಟವಳು ನಾನು.

"ತಿದ್ದಮ್ಮಂಗೆ ಬಿಡುವಿಲ್ವಾ?" ಎಂದರು ಅತ್ತೆ.

"ಇಲ್ಲ. ಆದ್ರೆ ಅವಳು ಕೈ ಹಾಕಬಾರದ ಜಾಗ ಸ್ವಲ್ಪ ಇದೆ. ಯಂತ್ರ ನಡೀತಿರುವಾಗ ತಾನಾಗೇ ಬದಲಾಗೋ ಅಂಕಿಗಳು. ಎಷ್ಟು ದೂರ ಬಂದೆ, ಬಂಡೆ ಎಲ್ಲಿದೆ, ಅಂಥವು. ಅವಳು ಅಲ್ಲಿಗೆ ಹೋದ್ರೆ ಅದನ್ನೂ ತಪ್ಪು ಅಂದ್ಕೊಂಡು ಅಳಿಸಿಬಿಡ್ತಾಳೆ. ಅದಕ್ಕೆ ಆ ಜಾಗಕ್ಕೆಲ್ಲ ಮುಸುಕು ಹಾಕಿರ್ತೀವಿ."

"ನನ್ನಂಥೋಳೇ ಅನ್ನು" ಎಂದು ಅತ್ತೆ ನಕ್ಕರು. "ಸರಿಯಾಗಿರೋ ಅಂಗೀನೂ ಬಿಚ್ತೀನಿ."

ಮಾರ್ಚ್ ೬, ಶುಕ್ರವಾರ

ಹಾಲು ಒಂಬತ್ತು ಸಲ. ವಾಂತಿ ಎರಡು. ನನ್ನ ನಿದ್ದೆ ಒಟ್ಟು ಎರಡು ಗಂಟೆ ನಲವತ್ತು ನಿಮಿಷ, ನಾಲ್ಕು ತುಂಡಿನಲ್ಲಿ. ಉಸಿರು ಮೂವತ್ತೇಳು, ಮೂವತ್ತಾರು, ನಲವತ್ತು, ಮೂವತ್ತೇಳು.

ಬೇರೆ ಏನೂ ಇಲ್ಲ.

ಮಾರ್ಚ್ ೧೧, ಬುಧವಾರ

ಮಧ್ಯಾಹ್ನ ವಾಲ್ವಣ್ಣ ಫೋನ್ ಮಾಡಿದ್ದರು. ನನ್ನ ಕೆಲಸ ಈಗ ಅವರ ಕೈಯಲ್ಲಿದೆ. ನನಗಿಂತ ಹದಿನೈದು ವರ್ಷ ದೊಡ್ಡವರು, ಹತ್ತೊಂಬತ್ತು ವರ್ಷ ಇಂಧನದ ವಾಲ್ವುಗಳ ವಿಭಾಗದಲ್ಲಿದ್ದು, ಕಳೆದ ವರ್ಷ ನಮ್ಮಲ್ಲಿಗೆ ಬಂದವರು. ಅದಕ್ಕೇ ಆ ಹೆಸರು. ಎದುರಿಗೇ ಹಾಗೆ ಕರೆದರೂ ಬೇಜಾರಿಲ್ಲ.

"ತಂಗಿ, ಮಲಗಿದ್ಯಾ?"

"ಮಲಗೋದು ಅಂದ್ರೆ ಏನಣ್ಣ?"

"ಹೌದಲ್ಲ, ಮರ್ತೆ. ನಮ್ಮನೇಲಿ ಅವಳಿ ಹುಟ್ಟಿದಾಗ ನಾನು ವಾಲ್ವಿನ ಪಕ್ಕ ನಿಂತೇ ನಿದ್ದೆ ಮಾಡ್ತಿದ್ದೆ. ಈಗ ಒಂದು ವಿಷಯ. ನಿನ್ನ ಕೈಬರಹದ ಪುಸ್ತಕ ಇದೆಯಲ್ಲ, ಅದು ಇಲ್ದೇ ಹೋಗಿದ್ರೆ ನಾನು ಮುಳುಗೇ ಹೋಗ್ತಿದ್ದೆ. ಕನ್ನಡಿ ಹಾಗಿದೆ ಪುಸ್ತಕ."

ಈ ಮಾತು ಬರೆದಿಡಬೇಕು ಅನ್ನಿಸಿತು. ಕನ್ನಡಿ ಹಾಗಿದೆ. ರಜೆಗೆ ಬರುವ ಹಿಂದಿನ ವಾರ, ಏದುಸಿರು ಬಿಡುತ್ತ, ಹೊಟ್ಟೆಯ ಮೇಲೇ ಪುಸ್ತಕ ಇಟ್ಟುಕೊಂಡು ಬರೆದದ್ದು. ಕಂಪ್ಯೂಟರಿನಲ್ಲಿರುವ ದೊಡ್ಡ ದಾಖಲೆ ಯಾರೂ ಓದುವುದಿಲ್ಲವೆಂದು ಗೊತ್ತಿತ್ತು. ಅದಕ್ಕೇ ನಾವು ಮಾತಾಡುವ ಭಾಷೆಯಲ್ಲೇ, ಒಂದು ಸಾಲಿಗೆ ಒಂದು ಸೂಚನೆಯಂತೆ, ನಲವತ್ತೆರಡು ಪುಟ ಬರೆದೆ.

"ನಿಮ್ಮಲ್ಲಿ ಎಲ್ಲ ಒಂದು, ಸೊನ್ನೆ ಅಂತ ಹೆದರ್ಸಿದ್ರು" ಎಂದರು ವಾಲ್ವಣ್ಣ. "ನಮ್ಮ ವಿಭಾಗದಲ್ಲಿ ಇದ್ದದ್ದೂ ಅದೇ ತಾನೆ. ಹತ್ತೊಂಬತ್ತು ವರ್ಷ ಅದೊಂದೇ ಜಪ. ಈಗ ಕೇಳು, ಮುಸುಕು ಮುಗೀತು. ನಿನ್ನ ಹದಿನಾಲ್ಕನೇ ಪುಟ ಎದುರಿಗಿಟ್ಕೊಂಡು ಹಾಗೇ ತುಂಬಿದೀನಿ. ನೂರಕ್ಕೆ ತೊಂಬತ್ನಾಲ್ಕು ಕಡೆ ಒಂದು, ಮಿಕ್ಕ ಆರು ಕಡೆ ಸೊನ್ನೆ. ಸರೀನಾ?"

ಆಗಲೇ ಮಗು ನನ್ನ ಹೆಗಲ ಮೇಲೆ ಕುಡಿದದ್ದೆಲ್ಲ ಕಕ್ಕಿತು. ಬೆನ್ನಿಗೆ ಬಿಸಿಯಾಗಿ ಇಳಿಯುತ್ತಿತ್ತು. "ಸರಿ ಅಣ್ಣ, ಸರಿ" ಎಂದು ಫೋನ್ ಇಟ್ಟೆ.

ಕಚೇರಿಯಲ್ಲಿಟ್ಟಿರುವ, ನೌಕೆಯ ಕಂಪ್ಯೂಟರಿನ ಅವಳಿ ಡಬ್ಬದ ಮೇಲೆ ಪರೀಕ್ಷೆ ಮೂರು ಸಲ ಆಯಿತಂತೆ. ಒಂದೂ ತಪ್ಪಿಲ್ಲವಂತೆ. ಖುಷಿಯಾಯಿತು. ನನ್ನನ್ನು ಬಿಟ್ಟೂ ಆಗುತ್ತದೆ ಎಂದು ಕೊಂಚ ಹೊಟ್ಟೆಯುರಿಯೂ ಆಯಿತು, ಸುಳ್ಳು ಯಾಕೆ ಬರೆಯಲಿ.

ಮಾರ್ಚ್ ೧೭, ಮಂಗಳವಾರ

ಇವತ್ತು ಮನೆಯವರನ್ನು ಕರೆದುಕೊಂಡು ಕಚೇರಿಗೆ ಹೋಗಬಹುದಾದ ದಿನ. ಬಂಡೆ ಸಮೀಪಿಸಿದ ಮೇಲೆ ಬಾಗಿಲು ಮುಚ್ಚುತ್ತಾರೆ, ಅದಕ್ಕೇ ಈಗಲೇ. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದರು. ಇವರು ಕನ್ನಡಕದ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಬಂದರು. ಗೇಟಿನ ಕಾವಲಿನವರು ಹೆಸರು ಬರೆದುಕೊಳ್ಳುವಾಗ ಅತ್ತೆ ಕೇಳದೆಯೇ ಹೇಳಿದರು: "ಮೇಲಿರೋ ಡಬ್ಬ ಇವಳದೇ."

"ಯಾವ ಡಬ್ಬ ಅಮ್ಮ?"

"ಓಡ್ತಾ ಓಡ್ತಾ ಹೊಲಿಗೆ ಬಿಚ್ಚಿ ಹೊಲಿಯೋದು."

ಕಾವಲಿನವರು ತಲೆಯಾಡಿಸಿ ಹಾಗೆಯೇ ಬರೆದುಕೊಂಡಿರಬೇಕು.

ಪರೀಕ್ಷೆಯ ಕೋಣೆಯಲ್ಲಿ ಮೊದಲಿನ ಹಾಗೇ ಬಿಸಿ ಲೋಹದ ವಾಸನೆ, ಅದೇ ಗಾಳಿಯ ಮೊರೆತ. ಗಾಜಿನ ಪೆಟ್ಟಿಗೆಯೊಳಗೆ ಅವಳಿ ಡಬ್ಬ. ಮೇಲೆ ಹೋಗಿರುವುದರ ತದ್ರೂಪು. ಒಂದು ಮೂಲೆಯಲ್ಲಿ ನನ್ನ ಉಗುರು ತಾಗಿ ಆದ ಗೀರು ಈಗಲೂ ಇದೆ. ದೊಡ್ಡಮೇಡಂ ನಮ್ಮ ಮುಖ್ಯಸ್ಥೆ. ಎಂಟು ಮಾತಿನ ಕಡೆ ಎರಡು ಮಾತಾಡುವವರು. ಅವರೇ ಬಂದು ಪರದೆಯ ಮೇಲೆ ಬಂಡೆಯ ಮೊದಲ ಚಿತ್ರ ತೋರಿಸಿದರು. ಮೂರು ಚುಕ್ಕಿ ಅಗಲ, ಎರಡು ಚುಕ್ಕಿ ಎತ್ತರ. ಇವರು ತಮ್ಮ ಕನ್ನಡಕ ಒರೆಸಿ ಮತ್ತೆ ನೋಡಿ, "ನಿಮ್ಮ ನೌಕೆಗೆ ಕನ್ನಡಕದ ನಂಬರು ಬದಲಾಯ್ಸಬೇಕು" ಎಂದರು. ದೊಡ್ಡಮೇಡಂ ನಕ್ಕರು. ಅವರು ನಕ್ಕದ್ದನ್ನು ನಾನು ಆರು ವರ್ಷದಲ್ಲಿ ಎರಡನೆಯ ಸಲ ನೋಡಿದ್ದು.

ಅವಳಿ ಡಬ್ಬದ ಮೇಲೆ ತಿದ್ದಮ್ಮನ ದೀಪ ಆರಿತ್ತು. "ಮೇಡಂ, ಅವಳು?" ಎಂದೆ.

"ಮಲಗ್ಸಿದೀವಿ. ಅವಳು ಎದ್ದಿದ್ರೆ ಪರೀಕ್ಷೆಯ ಒಂದೊಂದು ಓಟಕ್ಕೂ ಒಂಬತ್ತು ಗಂಟೆ. ಕೆಳಗೆ ಬಂದು ಬಡಿಯೋದಕ್ಕೆ ಇಲ್ಲಿ ಏನಿದೆ, ಸೊಳ್ಳೆ ಬಿಟ್ರೆ?"

ಅವಳನ್ನು ಎಬ್ಬಿಸಿಯೂ ಒಂದು ಸಲ ಓಡಿಸಬೇಕಲ್ಲವೇ ಎಂದು ಬಾಯಿಗೆ ಬಂತು. ರಜೆಯಲ್ಲಿರುವವಳು ಮೂಗು ತೂರಿಸಬಾರದು ಎಂದು ನುಂಗಿಕೊಂಡೆ. ಆಮೇಲೆ ವಾಲ್ವಣ್ಣ ಬಂದು ಹೊಸ ಕಣ್ಣಿನ ನಕ್ಷೆ ತೆರೆದು ತೋರಿಸಿದರು, ನಾನು ಕುರ್ಚಿ ಎಳೆದುಕೊಂಡು ಕೂತೆ. ಎರಡು ಕಡೆ ಜೋಡಣೆಯ ದಾರಿ ಸುತ್ತಿ ಹೋಗಿತ್ತು. ಹೀಗೆ ಮಾಡಿದರೆ ಹತ್ತಿರವಲ್ಲವೇ ಎಂದೆ. ಅವರು ಮಾಡಿದರು. ಹತ್ತಿರವಾಯಿತು. ತಲೆ ಎತ್ತಿ ನೋಡಿದರೆ ಗಂಟೆ ಹನ್ನೆರಡೂವರೆ. ಮಗು ಎಲ್ಲಿ ಎಂದರೆ, ಆ ಕೋಣೆಯ ಆರು ಜನರ ತೋಳಿನಲ್ಲಿ ಸರದಿಯಂತೆ ಸುತ್ತಿ, ಏಳನೆಯವರಾದ ದೊಡ್ಡಮೇಡಂ ಹೆಗಲ ಮೇಲೆ ಮಲಗಿತ್ತು. ಅವರು ಅಲುಗಾಡದೆ, ಉಸಿರು ಬಿಗಿಹಿಡಿದು, ಯಾವುದೋ ಅಮೂಲ್ಯ ಉಪಕರಣ ಎತ್ತಿಕೊಂಡವರ ಹಾಗೆ ನಿಂತಿದ್ದರು.

ಬಸ್ಸಿನಲ್ಲಿ ಬರುವಾಗ ಅತ್ತೆ ಪಕ್ಕದ ಸೀಟಿನವರಿಗೂ ಡಬ್ಬದ ವಿಷಯ ಹೇಳಿದರು. ತಡೆಯಲು ನಾನು ಹೋಗಲಿಲ್ಲ.

ಮಾರ್ಚ್ ೨೦, ಶುಕ್ರವಾರ

ಸೂರ್ಯನ ಮೇಲೆ ಬಿರುಗಾಳಿ. ಬೆಳಿಗ್ಗೆಯೇ ವಾಲ್ವಣ್ಣನ ಫೋನು.

"ತಂಗಿ, ನಿನ್ನೆ ಒಂದೇ ದಿನ ಅರವತ್ತೊಂದು ಕಡೆ ಬಡೀತು. ಅರವತ್ತೊಂದನ್ನೂ ನಿನ್ನ ತಿದ್ದಮ್ಮ ತಿದ್ದಿದಾಳೆ. ನಾವೆಲ್ಲ ಪರದೆ ಮುಂದೆ ನಿಂತು ಚಪ್ಪಾಳೆ ತಟ್ಟಿದ್ವಿ. ಇನ್ನೂ ಒಂದು ವಾರ ಹೀಗೇ ಇರುತ್ತಂತೆ. ಅವಳೊಬ್ಬಳು ಇಲ್ದಿದ್ರೆ ಇಷ್ಟೊತ್ತಿಗೆ ನೌಕೆಗೆ ಹುಚ್ಚು ಹಿಡಿದಿರೋದು."

ಫೋನ್ ಇಟ್ಟ ಮೇಲೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡೆ. ಯಾರೂ ಬರುವವರಿರಲಿಲ್ಲ. ಸುಮ್ಮನೆ, ಬಾಚಿಕೊಳ್ಳಬೇಕು ಅನ್ನಿಸಿತು.

ಅರವತ್ತೊಂದು. ಈ ಸಂಖ್ಯೆಯನ್ನು ಇವರಿಗೆ ಹೇಳಿದೆ, ಅತ್ತೆಗೆ ಹೇಳಿದೆ, ಹಾಲು ತರುವವನಿಗೂ ಹೇಳಿದೆ. ಅವನು "ಒಳ್ಳೇದಾಯ್ತಕ್ಕ" ಎಂದ. ಏನು ಎಂದು ಕೇಳಲಿಲ್ಲ. ಅದೂ ಸಾಕು.

ರಾತ್ರಿ ಐದು ಗಂಟೆ ಒಂದೇ ಪಟ್ಟಿಗೆ ಮಲಗಿದೆ.

ಮಾರ್ಚ್ ೨೩, ಸೋಮವಾರ

ತೊಟ್ಟಿಲು ಅತ್ತೆಯ ಕೋಣೆಗೆ ಹೋಯಿತು. ಅವರೇ ಕೇಳಿದರು, ನಾನು ಹೂಂ ಎಂದೆ. ಮಗು ಹೊಟ್ಟೆಯ ಮೇಲೆ ತೆವಳಲು ಶುರುಮಾಡಿದೆ. ಬಲಗಾಲು ಒದ್ದು ಎಡಕ್ಕೆ ಹೋಗುತ್ತದೆ, ಹೋಗಬೇಕಾದದ್ದು ಬಲಕ್ಕೆ. ಇವರು ಅದನ್ನು ಅಂಗಡಿಯ ಟೇಪಿನಿಂದ ಅಳೆದು, "ನಿಮಿಷಕ್ಕೆ ಅರವತ್ತು ಸೆಂಟಿಮೀಟರ್. ನಿನ್ನ ನೌಕೆಗಿಂತ ಸ್ವಲ್ಪ ನಿಧಾನ" ಎಂದರು.

ಅಡುಗೆಮನೆಯ ಬಾಗಿಲಿಗೆ ಮೊಣಕಾಲೆತ್ತರದ ಹಲಗೆ ಅಡ್ಡ ಇಡಿಸಿದೆ.

ಮಾರ್ಚ್ ೨೬, ಗುರುವಾರ

ನಾಳೆ ಬೆಳಿಗ್ಗೆ ಆರೂ ಹತ್ತು. ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ರಾತ್ರಿ ಎಂಟೂವರೆಗೆ ನಾನು ಒಲೆಯ ಮುಂದಿದ್ದೆ. ಮಗು ತೆವಳಿಕೊಂಡು ಬಂದು ಹಲಗೆ ಹಿಡಿದು ಕಿರುಚುತ್ತಿತ್ತು. ಅತ್ತೆ ಅದರ ಹಿಂದೆ. ಎತ್ತಿಕೊಳ್ಳುವ ತೊಂದರೆ ಅವರಿಗೆ ಬೇಡ, ಕಿರುಚಿ ಸುಮ್ಮನಾಗುತ್ತದೆ ಎಂದು ನಾನು ತಿರುಗಿ ನೋಡದೆ, "ಬಿಡಿ ಅತ್ತೆ" ಎಂದೆ. ಎರಡು ನಿಮಿಷಕ್ಕೆ ನನ್ನ ಕಾಲಿನ ಹತ್ತಿರ ಏನೋ ತಾಗಿತು. ಮಗು. ಒಲೆಯಿಂದ ಒಂದು ಗೇಣು ದೂರ. ಹಲಗೆ ಪಕ್ಕಕ್ಕೆ ಸರಿದಿತ್ತು.

"ಅತ್ತೆ, ಇದೇನು? ಯಾಕೆ ಬಿಟ್ರಿ?"

"ನೀನೇ ತಾನೆ ಬಿಡಿ ಅಂದಿದ್ದು. ಬಿಟ್ಟೆ."

"ಅಲ್ಲೇ ಬಿಡಿ ಅಂದೆ. ಅದರ ಪಾಡಿಗೆ."

"ಅಲ್ಲೇ ಅಂತ ನೀನು ಎಲ್ಲಿ ಹೇಳ್ದೆ? ಹಲಗೆ ಮುಂದೆ ನಿಂತಿರೋಳಿಗೆ ಬಿಡಿ ಅಂದ್ರೆ, ಒಳಗೆ ಬಿಡಿ ಅಂತಲೇ ಅಲ್ವಾ ಅರ್ಥ?"

ಮಗುವನ್ನು ಎತ್ತಿ ಅವರ ಕೈಗೆ ಕೊಟ್ಟೆ. ಸೌಟು ನನ್ನ ಕೈಯಲ್ಲೇ ಇತ್ತು. ಅದರಿಂದ ತೊಟ್ಟಿಕ್ಕುತ್ತಿದ್ದದ್ದು ನೆಲದ ಮೇಲೆ ಬೀಳುತ್ತಿತ್ತು. ಹದಿನಾಲ್ಕನೆಯ ಪುಟದ ಮೂರನೆಯ ಸಾಲು, ನನ್ನದೇ ಕೈಬರಹದಲ್ಲಿ, ಕಣ್ಣಿಗೆ ಕಟ್ಟಿತು.

ಒಂದು ಇದ್ದ ಕಡೆ ಬಿಡು.

ನಾನು ಬರೆದ ಅರ್ಥ: ಒಂದು ಎಂದು ಗುರುತಿದ್ದ ಜಾಗವನ್ನು ತಿದ್ದಮ್ಮ ಮುಟ್ಟಬಾರದು, ಅದರ ಪಾಡಿಗೆ ಬಿಡಬೇಕು. ವಾಲ್ವಿನ ಮುಂದೆ ಹತ್ತೊಂಬತ್ತು ವರ್ಷ ನಿಂತವರಿಗೆ ಬಿಡು ಎಂದರೆ ಏನು? ಇಂಧನ ಬಿಡು. ಗಾಳಿ ಬಿಡು. ಒಂದು ಎಂದರೆ ಬಿಡು, ಸೊನ್ನೆ ಎಂದರೆ ಕಟ್ಟು. ಒಂದು ಇದ್ದ ಕಡೆ ತಿದ್ದಮ್ಮನನ್ನು ಒಳಗೆ ಬಿಡು.

ಈ ಪುಸ್ತಕದ ಪುಟ ಹಿಂದಕ್ಕೆ ಮಗುಚಿದೆ. ಹನ್ನೊಂದನೆಯ ತಾರೀಖು. ನೂರಕ್ಕೆ ತೊಂಬತ್ನಾಲ್ಕು ಕಡೆ ಒಂದು, ಆರು ಕಡೆ ಸೊನ್ನೆ. ಸರಿಯಾದ ಮುಸುಕಿನಲ್ಲಿ ಆರು ಕಡೆ ಒಂದು ಇರಬೇಕು, ತೊಂಬತ್ನಾಲ್ಕು ಕಡೆ ಸೊನ್ನೆ. ಪೂರ್ತಿ ತಿರುವುಮುರುವು. ಅವರು ಕೇಳಿದ್ದರು. ನಾನು ಸರಿ ಎಂದಿದ್ದೆ. ಎರಡು ಸಲ.

ಹಳೆಯ ನಕ್ಷೆಯ ಮುಸುಕು ನಾನೇ ಮಾಡಿದ್ದು, ಅದಕ್ಕೇ ಈವರೆಗೆ ಏನೂ ಆಗಿಲ್ಲ. ಕೆಳಗಿನ ಪರೀಕ್ಷೆಯಲ್ಲಿ ತಿದ್ದಮ್ಮ ಮಲಗಿದ್ದಳು, ಅದಕ್ಕೇ ಒಂದೂ ತಪ್ಪು ಕಾಣಲಿಲ್ಲ. ನಾಳೆ ಹೊಸ ಕಣ್ಣು ತೆರೆದ ಕೂಡಲೇ ಅವಳು ಕಾಯಬೇಕಾದದ್ದನ್ನು ಕಾಯುವುದಿಲ್ಲ. ಮುಟ್ಟಬಾರದ್ದನ್ನು ನಾಲ್ಕು ಸೆಕೆಂಡಿಗೊಮ್ಮೆ ಅಳಿಸುತ್ತಾಳೆ. ಬಂಡೆ ಎಲ್ಲಿದೆ ಎಂದು ಕಣ್ಣು ಕಂಡುಕೊಳ್ಳುತ್ತದೆ, ನಾಲ್ಕು ಸೆಕೆಂಡಿಗೆ ಮರೆಯುತ್ತದೆ. ಮತ್ತೆ ಕಂಡುಕೊಳ್ಳುತ್ತದೆ, ಮರೆಯುತ್ತದೆ.

ಇವರಿಗೆ ಹೇಳಿದೆ. "ಫೋನ್ ಮಾಡು" ಎಂದರು. ಮಾಡಿದೆ. ವಾಲ್ವಣ್ಣನದು, ದೊಡ್ಡಮೇಡಂದು, ಉಳಿದ ಎಂಟು ಜನರದ್ದು, ಎಲ್ಲ ಬಂದ್. ಸಂಜೆ ಆರರಿಂದ ನಿಯಂತ್ರಣ ಕೋಣೆಗೆ ಹೋಗುವವರು ಫೋನನ್ನು ಗೇಟಿನ ಕಪಾಟಿನಲ್ಲಿಟ್ಟು ಹೋಗಬೇಕು. ಒಳಗೆ ಇರುವುದು ಒಂದೇ ಫೋನು, ಅದರಿಂದ ಹೊರಗೆ ಮಾಡಬಹುದು, ಹೊರಗಿನಿಂದ ಒಳಕ್ಕೆ ಬರುವುದಿಲ್ಲ. ಕಚೇರಿಯ ಮೇಲ್ ನನ್ನ ರಜೆ ಮುಗಿಯುವವರೆಗೆ ತೆರೆಯುವುದಿಲ್ಲ. ಕಡೆಗೆ ಗೇಟಿಗೆ ಮಾಡಿದೆ.

"ಅಮ್ಮಾ, ನಾನೂ ಒಳಗೆ ಹೋಗೋ ಹಾಗಿಲ್ಲ" ಎಂದರು ಕಾವಲಿನವರು. "ಹನ್ನೊಂದು ಗಂಟೆಗೆ ಕಾಗದದ ಚೀಲ ಒಳಗೆ ಹೋಗುತ್ತೆ. ಬರೆದು ಕಳ್ಸಿ, ಹಾಕ್ತೀನಿ. ನೀವು ಹೊಲಿಗೆ ಬಿಚ್ಚೋ ಡಬ್ಬದವರಲ್ವಾ?"

"ಹೌದು" ಎಂದೆ. "ಅದರವಳೇ."

ನಾನೇ ಹೋಗಬಹುದಿತ್ತು. ಆದರೆ ನನ್ನ ಪಾಸು ರಜೆಗೆ ಬರುವಾಗಲೇ ವಾಪಸು ಕೊಟ್ಟಾಗಿದೆ, ಗೇಟಿನ ಹೊರಗೆ ನಿಂತು ಪ್ರಯೋಜನವಿಲ್ಲ. ನನ್ನ ಹಳೆಯ ಕಡತಗಳು ಇರುವುದು ಇಲ್ಲಿ, ಫೋನ್ ಇರುವುದೂ ಇಲ್ಲಿ. ಇವರು ಬೂಟು ಹಾಕಿಕೊಂಡು ಬಾಗಿ‌ಲಲ್ಲಿ ನಿಂತಿದ್ದಾರೆ. ಮಗು ಮಲಗಿದೆ ಅಂತ ಕಾಣುತ್ತದೆ, ಯಾವಾಗ ಮಲಗಿತೋ ನೋಡಲಿಲ್ಲ. ಬೇರೆ ಕಾಗದ ಹುಡುಕಲು ಹೊತ್ತಿಲ್ಲ. ಇದರ ಕೊನೆಯ, ಹಾಲಿನ ಲೆಕ್ಕ ಬರೆದ ಹಾಳೆಯನ್ನೇ ಹರಿದು ಕೊಡುತ್ತೇನೆ. ಕರಡು ಬೇಡ, ನೇರವಾಗಿಯೇ ಬರೆಯುತ್ತೇನೆ.

ಅದೇ ದಿನ, ರಾತ್ರಿ ಒಂಬತ್ತು ಮುಕ್ಕಾಲು

ದೊಡ್ಡಮೇಡಂ ಅವರಿಗೆ, ವಾಲ್ವಣ್ಣನಿಗೆ, ಈ ಚೀಲ ಮೊದಲು ಬಿಚ್ಚಿದವರು ಯಾರೇ ಇದ್ದರೂ ಅವರಿಗೆ:

ಹೊಸ ನಕ್ಷೆಯ ಮುಸುಕು ತಿರುವುಮುರುವಾಗಿದೆ. ಹದಿನಾಲ್ಕನೆಯ ಪುಟ ಈಗಲೇ ತೆಗೆದು ಮೂರನೆಯ ಸಾಲು ನೋಡಿ. ಅಲ್ಲಿ ಬಿಡು ಎಂದರೆ ಮುಟ್ಟಬೇಡ ಎಂದು ಅರ್ಥ. ಒಳಗೆ ಬಿಡು ಎಂದಲ್ಲ. ವಾಲ್ವಣ್ಣ, ತಪ್ಪು ನಿಮ್ಮದಲ್ಲ. ಪದ ನನ್ನದು, ನೀವು ಕೇಳಿದಾಗ ಸರಿ ಎಂದ ಬಾಯಿಯೂ ನನ್ನದು. ಈ ಮಾತನ್ನು ನಾಳೆ ಎಲ್ಲರೆದುರು ಹೇಳಲು ಸಿದ್ಧಳಿದ್ದೇನೆ. ಈಗ ಅದಕ್ಕೆ ಸಮಯ ಕೊಡಬೇಡಿ.

ಆರೂ ಹತ್ತರ ಗಳಿಗೆಯನ್ನು ಮುಂದೂಡಬೇಡಿ. ಬಂಡೆ ನಮಗಾಗಿ ಕಾಯುವುದಿಲ್ಲ. ತಿದ್ದಮ್ಮನನ್ನು ಮಲಗಿಸಿ ಪಾರಾಗೋಣ ಎಂದು ಯಾರಾದರೂ ಹೇಳುತ್ತಾರೆ, ಒಪ್ಪಬೇಡಿ. ಹೊರಗೆ ಬಿರುಗಾಳಿ ಇದೆ, ಒಂದು ದಿನಕ್ಕೆ ಅರವತ್ತೊಂದು ಕಡೆ ಬಡಿದಿದೆ, ಅವಳು ಎಚ್ಚರ ಇರಲೇಬೇಕು. ಮಾಡಬೇಕಾದದ್ದು ಇಷ್ಟೇ: ಮುಸುಕಿನಲ್ಲಿ ಒಂದು ಇದ್ದದ್ದನ್ನೆಲ್ಲ ಸೊನ್ನೆ ಮಾಡಿ, ಸೊನ್ನೆ ಇದ್ದದ್ದನ್ನೆಲ್ಲ ಒಂದು ಮಾಡಿ. ಯಂತ್ರಕ್ಕೆ ಒಂದೇ ಸಾಲಿನ ಆಜ್ಞೆ. ಅವಳಿ ಡಬ್ಬದ ಮೇಲೆ ತಿದ್ದಮ್ಮನನ್ನು ಎಬ್ಬಿಸಿ ಇಪ್ಪತ್ತು ನಿಮಿಷ ಓಡಿಸಿ. ಪೂರ್ತಿ ಓಟ ಬೇಡ, ಇಪ್ಪತ್ತು ನಿಮಿಷ ಸಾಕು. ತಪ್ಪಿದ್ದರೆ ನಾಲ್ಕನೆಯ ಸೆಕೆಂಡಿಗೇ ಕಾಣುತ್ತದೆ. ಮೊದಲು ಈಗಿರುವ ತಿರುವುಮುರುವು ಮುಸುಕನ್ನೇ ಓಡಿಸಿ ನೋಡಿ, ನಾನು ಹೇಳುತ್ತಿರುವುದು ನಿಮ್ಮ ಕಣ್ಣಿಗೇ ಕಾಣಲಿ. ನನ್ನ ಮಾತನ್ನು ನಂಬಿ ಎನ್ನುತ್ತಿಲ್ಲ, ನೋಡಿ ಎನ್ನುತ್ತಿದ್ದೇನೆ.

ಮುಸುಕು ಚಿಕ್ಕದು. ಮೇಲೆ ಕಳಿಸಲು ಹನ್ನೊಂದು ನಿಮಿಷ. ಐದು ಗಂಟೆಯೊಳಗೆ ಕಳಿಸಿದರೆ ಎಲ್ಲ ಸಮಯಕ್ಕೆ ಸರಿಯಾಗಿ ಮುಟ್ಟುತ್ತದೆ.

ಆದರೆ ಕಳಿಸುವ ಮುಂಚೆ ಒಬ್ಬರು ಫೋನಿನಲ್ಲಿ ಹೊಸ ಮುಸುಕಿನ ನಲವತ್ತನೆಯ ಸಾಲನ್ನು ಅಂಕಿ ಅಂಕಿಯಾಗಿ ನನಗೆ ಓದಿ ಹೇಳಬೇಕು. ಬಂಡೆಯ ಜಾಗವನ್ನು ನೆನಪಿಡುವ ಅಂಕಿಗಳು ಇರುವುದು ಅಲ್ಲೇ. ಆ ಸಾಲು ಹೇಗಿರಬೇಕೆಂದು ನನ್ನ ಹಳೆಯ ಕಡತದಲ್ಲಿದೆ, ಇಲ್ಲಿ ನನ್ನ ಮುಂದೆ ತೆರೆದಿದೆ. ನಾನು ಕೇಳಿ ಹೌದು ಎನ್ನುವವರೆಗೆ ಕಳಿಸಬೇಡಿ. ಈ ಸಲ ಪೂರ್ತಿ ಕೇಳಿಸಿಕೊಂಡೇ ಹೌದು ಎನ್ನುತ್ತೇನೆ.

ಇದು ನನ್ನ ದಿನಚರಿಯ ಹಾಳೆ. ಹಿಂಬದಿಯಲ್ಲಿ ಮಗು ಎಷ್ಟು ಸಲ ಹಾಲು ಕುಡಿಯಿತೆಂದು ಬರೆದಿದೆ, ಅದನ್ನು ಸೂಚನೆ ಎಂದುಕೊಳ್ಳಬೇಡಿ.

ಆ ಡಬ್ಬದಲ್ಲಿ ನನ್ನ ಆರು ವರ್ಷ ಇದೆ, ನಿಮ್ಮೆಲ್ಲರದೂ ಇದೆ. ಅಂಥದ್ದನ್ನು ನಾವು ಹನ್ನೊಂದು ಜನ ಕೂಡಿ ಮಾಡಿದ್ದೇವೆ, ಅದು ನಾಳೆ ನೋಡಬೇಕು, ನೋಡಿಕೊಂಡು ಹೋಗಬೇಕು. ಅದಕ್ಕೆ ಒಂದು ಫೋನಿನದಷ್ಟೇ ಕೊರತೆ.

ಮನೆಯ ನಂಬರು ಗೇಟಿನ ಪುಸ್ತಕದಲ್ಲಿದೆ, ಕೆಳಗೂ ಬರೆದಿದ್ದೇನೆ. ಹನ್ನೆರಡಾಗಲಿ, ಎರಡಾಗಲಿ, ನಾಲ್ಕಾಗಲಿ, ಮೊದಲ ಗಂಟೆಗೇ ಎತ್ತುತ್ತೇನೆ. ಇದನ್ನು ಓದುತ್ತಿರುವವರು ಯಾರೇ ಇರಲಿ, ಓದಿ ಮಡಿಸಿ ಪಕ್ಕಕ್ಕಿಡಬೇಡಿ, ಮೇಲಿನವರು ಬರಲಿ ಎಂದು ಕಾಯಬೇಡಿ. ಕೈಮುಗಿದು ಕೇಳಿಕೊಳ್ಳುತ್ತೇನೆ, ಬೆಳಗಾಗುವುದಕ್ಕೆ ಮುಂಚೆ ಫೋನ್ ಮಾಡಿ.